ಸೋರುವ ಎಣ್ಣೆಯೂ ಗೃಹಕೃತ್ಯವೂ

ಅಡಿಗೆಮನೆಯಲ್ಲಿ ಎಣ್ಣೆಯ ಭರಣಿಯು ಬಿರುಕುಬಿಟ್ಟು ತೊಟ್ಟಿಕ್ಕುತ್ತಿದ್ದರೆ ಅದನ್ನು ಕಂಡೂ ಕಾಣದಂತಿರುವ ಗೃಹಿಣಿಯು ನಮ್ಮ ನಾಡಿನಲ್ಲಿ ಇರಲಾರಳು. ಆದರೆ ಅದೇ ಮನೆಯ ಜಗಲಿಯ ಮಗ್ಗುಲಲ್ಲಿ ನಿಂತಿರುವ ಹಳೆಯ ಮೋಟಾರು ಸೈಕಲ್ಲಿನ ಕೆಳಗೆ ಅಂಗೈಯಗಲದ ಎಣ್ಣೆಯ ಕಲೆಯು ದಿನೇ ದಿನೇ ಬೆಳೆಯುತ್ತಿದ್ದರೆ, ಅದರ ಮೇಲೊಂದು ರಟ್ಟಿನ ತುಂಡನ್ನು ಹಾಸಿ ಸುಮ್ಮನಾಗುವೆವು. ಭರಣಿಯು ಹೆಂಗಸರ ಹೊಣೆ, ವಾಹನವು ಗಂಡಸರ ಹೊಣೆ, ಅವರಿಗೆ ಬಿಡುವಾದಾಗ ನೋಡಿಕೊಳ್ಳಲಿ ಎಂಬುದು ವಾಡಿಕೆಯಾಗಿಹೋಗಿದೆ. ಈ ವಾಡಿಕೆಯು ತಪ್ಪಬೇಕೆಂದೂ, ಮನೆಯ ಹಳೆಯ ವಾಹನವನ್ನು ನೋಡಿಕೊಳ್ಳುವ ವಿದ್ಯೆಯನ್ನು ಹೊಲಿಗೆ ಅಡಿಗೆಗಳಂತೆಯೇ ಗೃಹಕೃತ್ಯವೆಂದೆಣಿಸಿ ನಮ್ಮ ಹೆಣ್ಣುಮಕ್ಕಳಿಗೆ ಕಲಿಸತಕ್ಕದ್ದೆಂದೂ ನಮ್ಮ ಅಭಿಪ್ರಾಯವು. ಅದಕ್ಕೆ ಕಾರಣಗಳನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡಬಯಸುತ್ತೇವೆ.

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ಸೀಮೆಯನ್ನು ಬಲ್ಲವರಿಗೆ ನಾವು ಹೆಚ್ಚಾಗಿ ಹೇಳಬೇಕಾದುದಿಲ್ಲ. ಬಾಬಾಬುಡನ್ ಗಿರಿಗಳ ಮೂಡಣ ಮಗ್ಗುಲಿನ ಆ ಹಳ್ಳಿಗಾಡಿನಲ್ಲಿ ಮನೆಗೂ ಮನೆಗೂ ನಡುವೆ ಹೊಲಗಳಿರುವುವು. ಸಂತೆ, ಆಸ್ಪತ್ರೆ, ಕಚೇರಿಗಳಿಗೆಲ್ಲ ಕಡೂರಿಗಾಗಲಿ ಬೀರೂರಿಗಾಗಲಿ ಬರಬೇಕು. ಬಸ್ಸು ತನ್ನ ಹೊತ್ತಿಗೆ ಬರುವುದೇ ಹೊರತು ನಮ್ಮ ಹೊತ್ತಿಗಲ್ಲ. ಅಲ್ಲಿ ಮೋಟಾರು ಸೈಕಲ್ಲು ವಿನೋದದ ವಸ್ತುವಲ್ಲ. ಮುಂಜಾನೆ ಹಾಲಿನ ಕ್ಯಾನು, ಮಧ್ಯಾಹ್ನ ಹಿಂಡಿಯ ಚೀಲ, ಸಂಜೆ ಶಾಲೆಯಿಂದ ಮರಳುವ ಮಗಳು, ಅಪರಾತ್ರಿಯಲ್ಲಿ ಜ್ವರದಿಂದ ಬೇಯುವ ಕೂಸು, ಇವೆಲ್ಲವನ್ನೂ ಹೊರುವ ಮನೆಯ ಎತ್ತು ಅದು. ಇಂಥ ಮನೆಗಳಲ್ಲಿ ಬಹುಮಟ್ಟಿಗೆ ಹೊಸ ವಾಹನವು ಇರುವುದಿಲ್ಲ. ಒಬ್ಬಿಬ್ಬರ ಕೈ ದಾಟಿ ಬಂದುದೇ ಇರುವುದು. ಎತ್ತಿನ ಕಾಲು ಕುಂಟಿದರೆ ಮನೆಮಂದಿಯೆಲ್ಲ ಸೇರಿ ನೋಡುವೆವು. ಇದರ ಎಣ್ಣೆ ಸೋರಿದರೆ ಮಾತ್ರ ಒಬ್ಬನೇ ನೋಡಬೇಕೆಂಬುದು ಯಾವ ನ್ಯಾಯ?

ಸೋರಿಕೆಯು ಬರಿಯ ಕೊಳೆಯಲ್ಲ, ಅಪಾಯವೂ ಹೌದು. ಎಂಜಿನ್ನಿನಿಂದ ಒಸರಿದ ಎಣ್ಣೆಯು ಓಟದ ಗಾಳಿಗೆ ಹಿಂದಕ್ಕೆ ಹಾರಿ ಹಿಂದಿನ ಟಯರಿಗೆ ಹತ್ತುವುದುಂಟು. ತಿರುವಿನಲ್ಲಿ ಆ ಟಯರು ಜಾರಿದರೆ ಮುಂದೆ ಕುಳಿತವನೂ ಹಿಂದೆ ಕುಳಿತವಳೂ ಒಟ್ಟಿಗೆ ಬೀಳುವರು. ಬ್ರೇಕಿನ ಶೂಗಳಿಗೆ ಎಣ್ಣೆಯು ಇಳಿದರೆ ಅವು ಹಿಡಿಯುವುದಿಲ್ಲ. ಎಣ್ಣೆ ಕುಡಿದ ಶೂಗಳನ್ನು ತೊಳೆದು ಮತ್ತೆ ಹಾಕುವುದು ಜಾಣತನವಲ್ಲ, ಹೊಸವನ್ನೇ ಹಾಕತಕ್ಕದ್ದು. ಹೊರಗೆ ಸೋರಿದ ಎಣ್ಣೆಯಾದರೋ ಕಣ್ಣಿಗೆ ಕಾಣುವುದು. ಒಳಗೆ ಕಡಿಮೆಯಾದ ಎಣ್ಣೆಯು ಕಾಣುವುದಿಲ್ಲ. ಹಲ್ಲುಚಕ್ರಗಳೂ ಬೇರಿಂಗುಗಳೂ ಒಣಗಿ ತಿರುಗಿ ಸವೆದ ಮೇಲೆ ಬರುವ ಖರ್ಚಿನ ಮುಂದೆ ಒಂದು ವಾಷರಿನ ಬೆಲೆಯು ಯಾವ ಲೆಕ್ಕಕ್ಕೂ ಇಲ್ಲ.

ಈ ವಿಷಯದಲ್ಲಿ ನಮ್ಮ ನಾಡಿಗೇ ಸೇರಿದ ಒಂದು ದೃಷ್ಟಾಂತವಿದೆ. ಚೆಕ್ ದೇಶದವನಾದ ಫ್ರಾಂಟಿಷೆಕ್ ಯಾನೆಚೆಕ್ ಎಂಬಾತನು 1929ರಲ್ಲಿ ಪ್ರಾರಂಭಿಸಿದ ಜಾವಾ ಮೋಟಾರು ಸೈಕಲ್ಲುಗಳು, ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗತೊಡಗಿದುವು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆಯು ಮುಚ್ಚಿಹೋಯಿತು. 2018ರಲ್ಲಿ ಜಾವಾ ಎಂಬ ಹೆಸರಿನಿಂದ ಬೇರೆ ಕಂಪೆನಿಯವರು ಹೊಸ ಬಗೆಯ ವಾಹನಗಳನ್ನು ಹೊರತಂದರು, ಅದು ಬೇರೆ ಮಾತು. ಆದರೆ ಮೈಸೂರಿನ ಆ ಹಳೆಯ ಬಂಡಿಗಳು ತಮ್ಮನ್ನು ಹೆತ್ತ ಕಾರ್ಖಾನೆಯು ಇಲ್ಲವಾದ ಮೇಲೂ ಇಂದಿಗೂ ಓಡುತ್ತಿರುವುವು. ಇವನ್ನು ಉಳಿಸಿದವರು ಯಾರು? ಹಳ್ಳಿ ಪೇಟೆಗಳ ಮೆಕ್ಯಾನಿಕ್ಕುಗಳು ಮತ್ತು ಭಾನುವಾರದ ಬೆಳಿಗ್ಗೆ ಗೋಣಿತಟ್ಟನ್ನು ಹಾಸಿಕೊಂಡು ಕೂಡುವ ಮನೆಯವರು. ವಸ್ತುವಿನ ಆಯುಷ್ಯವು ಮಾಡಿದವನ ಕೈಯಲ್ಲಿ ಅರ್ಧವಾದರೆ ಕಾಪಾಡುವವರ ಕೈಯಲ್ಲಿ ಅರ್ಧವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಕಿಲ್ಲ.

ಇನ್ನು ಆ ಕೆಲಸವಾದರೂ ಎಂಥದು? ಸೋರಿಕೆ ಕಂಡೊಡನೆ ಸ್ಪ್ಯಾನರು ಹಿಡಿದು ಕೈಗೆ ಸಿಕ್ಕ ಬೋಲ್ಟನ್ನೆಲ್ಲ ಬಿಗಿಯುವುದು ಮೂಢರ ಮಾರ್ಗವು. ಮೊದಲು ಹುಡುಕಬೇಕು. ಎಣ್ಣೆಯು ಹುಟ್ಟಿದ ಜಾಗದಲ್ಲಿಯೇ ತೊಟ್ಟಿಕ್ಕುವುದಿಲ್ಲ. ಕೆಳಕ್ಕೂ ಹಿಂದಕ್ಕೂ ಹರಿದು ಬೇರೊಂದು ಮೂಲೆಯಿಂದ ತೊಟ್ಟಿಕ್ಕುವುದು. ಆದುದರಿಂದ ಎಂಜಿನ್ನು ತಣ್ಣಗಿರುವಾಗ ಬ್ರಷ್ಷಿನಿಂದಲೂ ಸೀಮೆಎಣ್ಣೆಯಿಂದಲೂ ತಿಕ್ಕಿ ಹಳೆಯ ಜಿಡ್ಡನ್ನು ತೆಗೆದು, ಬಟ್ಟೆಯಿಂದ ಒರಸಿ, ಚೆನ್ನಾಗಿ ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಸಂದುಗಳ ಮೇಲೆ ತೆಳ್ಳಗೆ ಉದುರಿಸಬೇಕು. ಅನಂತರ ಸ್ವಲ್ಪ ದೂರ ಓಡಿಸಿ ಬಂದು ನೋಡಿದರೆ, ಬಿಳುಪಿನ ಮೇಲೆ ಮೊದಲು ಕಪ್ಪಾದ ಜಾಗವೇ ಸೋರಿಕೆಯ ಹುಟ್ಟು. ಈ ಕೆಲಸಕ್ಕೆ ಪೆಟ್ರೋಲನ್ನು ಉಪಯೋಗಿಸಕೂಡದು. ಒಲೆ, ದೀಪಗಳ ಹತ್ತಿರ ಸೀಮೆಎಣ್ಣೆಯನ್ನೂ ತರಕೂಡದು.

ಹುಟ್ಟು ಗೊತ್ತಾದ ಮೇಲೆ ಮದ್ದು ಸುಲಭವು. ಎಣ್ಣೆ ಇಳಿಸುವ ಕೆಳಗಿನ ಬೋಲ್ಟಿನಲ್ಲಿ ಒಸರುತ್ತಿದ್ದರೆ ಹೊಸ ವಾಷರನ್ನು ಹಾಕಬೇಕು. ತಾಮ್ರದ ವಾಷರಾದರೆ ಕೆಂಪಗೆ ಕಾಸಿ ಆರಿಸಿದರೆ ಅದು ಮತ್ತೆ ಮೆತ್ತಗಾಗಿ ಸಂದಿಗೆ ಒಗ್ಗುವುದು. ಮುಚ್ಚಳದ ಸಂದಿನಲ್ಲಿಯಾದರೆ, ಮೆಕ್ಯಾನಿಕ್ಕುಗಳು ಪ್ಯಾಕಿಂಗು ಎಂದು ಕರೆಯುವ ಕಾಗದವನ್ನು ಬದಲಾಯಿಸಬೇಕು. ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದರೆ ನುಣುಪಾದ ಅಂಚಿನಲ್ಲಿ ಗೀರು ಬಿದ್ದು, ಆ ಗೀರೇ ಮುಂದಿನ ಸೋರಿಕೆಗೆ ಕಾಲುವೆಯಾಗುವುದು. ಸುತ್ತಲಿನ ಬೋಲ್ಟುಗಳನ್ನು ಒಂದಾದ ಮೇಲೆ ಅದರ ಎದುರಿನದೆಂಬಂತೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಅತಿಯಾಗಿ ಬಿಗಿದರೆ ಮುಚ್ಚಳವು ಸೊಟ್ಟಗಾಗುವುದು, ಇಲ್ಲವೆ ಅಲ್ಯೂಮಿನಿಯಮ್ಮಿನ ಮರೆಯೇ ಕಿತ್ತುಬರುವುದು. ಅಂಟನ್ನು ಮೆತ್ತಿ ಸೋರಿಕೆಯನ್ನು ಮುಚ್ಚುವವರೂ ಉಂಟು. ಹೆಚ್ಚಾದ ಅಂಟು ಒಳಕ್ಕೆ ಉಬ್ಬಿ, ಕಳಚಿಬಿದ್ದು, ಎಣ್ಣೆಯ ದಾರಿಯನ್ನೇ ಕಟ್ಟೀತು.

ವಾಹನದ ಜಾತಿಯನ್ನೂ ಅರಿತಿರಬೇಕು. ಹಳೆಯ ಜಾವಾ, ಯೆಜ್ಡಿಗಳು ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸುವ ಜಾತಿಯವು. ಗೇರುಗಳಿಗೂ ಕ್ಲಚ್ಚಿಗೂ ಬೇರೆ ಎಣ್ಣೆ. ಗೇರಿನ ಎಣ್ಣೆಯು ಕಡಿಮೆಯಾಗುತ್ತಿದ್ದು, ನೆಲದ ಮೇಲೆ ಒಂದು ಹನಿಯೂ ಇಲ್ಲದೆ, ಹೊಗೆಯು ಮಾತ್ರ ದಟ್ಟವಾಗಿ ಬರುತ್ತಿದ್ದರೆ, ಕ್ಲಚ್ಚಿನ ಕಡೆಯ ಸೀಲು ಸವೆದು ಎಂಜಿನ್ನು ಆ ಎಣ್ಣೆಯನ್ನು ಹೀರುತ್ತಿರುವುದೆಂದು ಶಂಕಿಸಬೇಕು. ಕಬ್ಬಿಣದ ಎಂಜಿನ್ನಿನ ಹಳೆಯ ಬುಲೆಟ್ಟಿನ ಸ್ವಭಾವವು ಬೇರೆ. 1955ರಿಂದ ಮದ್ರಾಸಿನಲ್ಲಿ ತಯಾರಾಗತೊಡಗಿದ ಆ ವಾಹನವನ್ನು ಕೆಲವು ವಾರ ನಿಲ್ಲಿಸಿಬಿಟ್ಟರೆ, ಎಣ್ಣೆಯು ತನ್ನ ತೊಟ್ಟಿಯಿಂದ ಮೆಲ್ಲಗೆ ಎಂಜಿನ್ನಿನ ತಳಕ್ಕೆ ಇಳಿಯುವುದು. ಆಗ ಅಳತೆಯ ಕಡ್ಡಿಯನ್ನು ಅದ್ದಿದರೆ ಎಣ್ಣೆ ಕಡಿಮೆಯೆಂದು ತೋರುವುದು. ಅದನ್ನು ನಂಬಿ ಮೇಲೆ ಮೇಲೆ ಹೊಯ್ದರೆ, ಓಡಿಸಿದಾಗ ಹೆಚ್ಚಾದ ಎಣ್ಣೆಯು ಉಸಿರುಕೊಳವೆಯಿಂದಲೂ ಸಂದುಗಳಿಂದಲೂ ಹೊರಬೀಳುವುದು. ಜನರು ಅದನ್ನೇ ಸೋರಿಕೆಯೆನ್ನುವರು. ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ನೆಟ್ಟಗೆ ನಿಲುಗಡೆ ಹಾಕಿ ಅಳೆದರೆ ಈ ಮೋಸವಿಲ್ಲ. ಉಸಿರುಕೊಳವೆಯು ಕಟ್ಟಿಕೊಂಡಿದ್ದರೂ ಒಳಗಿನ ಒತ್ತಡವು ಎಣ್ಣೆಯನ್ನು ಸಂದುಗಳಿಂದ ನೂಕುವುದು. ಅದನ್ನು ಶುಚಿಮಾಡುವುದಕ್ಕೆ ಬೇಕಾದುದು ಒಂದು ತಂತಿಯ ತುಂಡು ಮತ್ತು ಕಾಲು ಗಂಟೆಯ ತಾಳ್ಮೆ.

ಕೆಲಸ ಮುಗಿದ ಮೇಲೆ ಉಳಿಯುವ ಕಪ್ಪೆಣ್ಣೆಯ ವಿಷಯವನ್ನು ಮರೆಯಲಾಗದು. ಅದನ್ನು ಹಿತ್ತಿಲಿಗೋ ಚರಂಡಿಗೋ ಚೆಲ್ಲುವುದು ಬಲು ದೊಡ್ಡ ತಪ್ಪು. ಎಮ್ಮೆದೊಡ್ಡಿಯ ಸಮೀಪದ ಮದಗದ ಕೆರೆಯ ನೀರು ಅಲ್ಲಿಯೇ ನಿಲ್ಲುವುದಿಲ್ಲ. ಆ ಕೆರೆಯ ಅವತಿಯೂ ಅಯ್ಯನಕೆರೆಯ ವೇದೆಯೂ ಕಡೂರಿನ ಬಳಿಯಲ್ಲಿ ಕೂಡಿ ವೇದಾವತಿಯಾಗಿ, ಹಿರಿಯೂರಿನ ಹತ್ತಿರ 1907ರಲ್ಲಿ ಪೂರ್ತಿಯಾದ ವಾಣೀವಿಲಾಸ ಸಾಗರವನ್ನು ಸೇರುವುದು. ಮಳೆ ಕಡಿಮೆಯಾದ ಸೀಮೆಯಲ್ಲಿ ನೀರಿಗೆ ಎಣ್ಣೆ ಬೆರೆಸುವುದು ನೆರೆಯವರ ಬಿಂದಿಗೆಗೆ ಬೆರೆಸಿದಂತೆಯೇ. 2016ರ ಸರ್ಕಾರಿ ನಿಯಮಗಳೂ ಉಪಯೋಗಿಸಿದ ಎಂಜಿನ್ನು ಎಣ್ಣೆಯನ್ನು ಅಪಾಯಕರ ತ್ಯಾಜ್ಯವೆಂದೇ ಎಣಿಸಿವೆ. ಅದನ್ನು ಡಬ್ಬಿಯಲ್ಲಿ ತುಂಬಿ ಮುಚ್ಚಿಟ್ಟು, ಹಳೆಯ ಎಣ್ಣೆಯನ್ನು ಕ್ರಮವಾಗಿ ಸಾಗಿಸುವ ವರ್ಕ್‌ಷಾಪಿಗೆ ಒಪ್ಪಿಸತಕ್ಕದ್ದು.

ಇದಕ್ಕೆ ಆಕ್ಷೇಪಗಳು ಹೊರಡುವುವೆಂದು ಬಲ್ಲೆವು. ಕೈ ಕಪ್ಪಾಗುವುದೆಂಬುದು ಮೊದಲನೆಯದು. ಸಗಣಿ ಹಿಡಿಯುವ, ಮಸಿಯ ಪಾತ್ರೆ ಬೆಳಗುವ ಕೈಗಳಿಗೆ ಎಂಜಿನ್ನಿನ ಮಸಿ ಮಾತ್ರ ಅಶುಚಿಯೆ? ಮೆಕ್ಯಾನಿಕ್ಕಿನ ಅನ್ನಕ್ಕೆ ಕಲ್ಲು ಹಾಕಿದಂತಾಗುವುದೆಂಬುದು ಎರಡನೆಯದು. ಹಾಗಾಗದು. ಎಂಜಿನ್ನನ್ನು ಬಿಚ್ಚಿ ಒಳಗಿನ ಸೀಲನ್ನು ಹಾಕುವ ಕೆಲಸವು ಅವನದೇ. ಆದರೆ ರೋಗವನ್ನು ತಿಳಿದು ಹೇಳಬಲ್ಲ ಹೆಂಗಸಿನ ಮುಂದೆ ಅವನಿಗೂ ಕೆಲಸ ಸುಲಭ, ಅವಳಿಗೂ ಬಿಲ್ಲಿನ ಸಂಶಯವಿಲ್ಲ. ಹಳೆಯ ವಾಹನದ ಹೊಗೆಯು ಊರಿಗೆ ಕೇಡೆಂಬ ಮೂರನೆಯ ಆಕ್ಷೇಪದಲ್ಲಿ ಸತ್ಯಾಂಶವಿದೆ. ಅದರಲ್ಲಿಯೂ ಪೆಟ್ರೋಲಿಗೆ ಎಣ್ಣೆ ಬೆರೆಸುವ ಜಾತಿಯವುಗಳಲ್ಲಿ. ಅಂತೆಯೇ ಕಾನೂನು 15 ವರ್ಷ ತುಂಬಿದ ವಾಹನವನ್ನು ಪರೀಕ್ಷಿಸಿ, ಯೋಗ್ಯವಾಗಿದ್ದರೆ ಮಾತ್ರ ಮತ್ತೆ 5 ವರ್ಷಗಳಿಗೆ ನೋಂದಾಯಿಸುವುದು. ಹೊಸದನ್ನು ಕೊಳ್ಳಬಲ್ಲವರು ಕೊಳ್ಳಲಿ. ಕೊಳ್ಳಲಾರದ ಮನೆಯವರು ಇರುವುದನ್ನು ಅಳತೆಯ ಎಣ್ಣೆಯಿಂದ, ಶುಚಿಯಾದ ಗಾಳಿಜರಡಿಯಿಂದ, ಹೊಗೆಯ ಪರೀಕ್ಷೆಗೆ ನಿಲ್ಲುವಂತೆ ಇಟ್ಟುಕೊಳ್ಳುವುದೇ ಧರ್ಮವು.

ಅಪಾಯವೆಂಬ ಮಾತು ಮಾತ್ರ ನಿಜವಾಗಿಯೂ ಲಕ್ಷ್ಯಕ್ಕೆ ಯೋಗ್ಯವಾದುದು. ಎಂಜಿನ್ನು ಓಡುತ್ತಿರುವಾಗ ಚೈನನ್ನು ಒರಸಲು ಹೋಗಿ ಬೆರಳು ಕಳೆದುಕೊಂಡವರುಂಟು. ಎಂಜಿನ್ನನ್ನು ಆರಿಸಿ, ಕೀಲಿಯನ್ನು ತೆಗೆದು, ಸೆರಗನ್ನೂ ಜಡೆಯನ್ನೂ ಬಿಗಿಯಾಗಿ ಕಟ್ಟಿಕೊಂಡು, ಚಕ್ರವನ್ನು ಕೈಯಿಂದ ತಿರುಗಿಸಿಯೇ ಚೈನಿಗೆ ಎಣ್ಣೆ ಕೊಡಬೇಕು. ಹಿಂದಿನ ಚಕ್ರದ ಅರ್ಧಕ್ಕಿಂತ ಕಡಿಮೆಯಿಲ್ಲದಂತೆ ಬಟ್ಟೆ ಸಿಕ್ಕದ ರಕ್ಷೆಯಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಹಳೆಯ ವಾಹನಗಳಲ್ಲಿ ಮೊದಲು ಕಳಚಿ ಮೂಲೆಗೆ ಸೇರುವುದೇ ಈ ಸೀರೆಯ ರಕ್ಷೆಯು! ಅದನ್ನು ಮರಳಿ ಹಾಕಿಸುವವರು ಹಿಂದೆ ಕೂಡುವ ಹೆಂಗಸರಲ್ಲದೆ ಮತ್ತಾರು?

ಮಿಷನ್ ಶಾಲೆಗಳಿಗೆ ಕೈಗೆಲಸವು ಹೊಸದಲ್ಲ. ಬಾಸೆಲ್ ಮಿಷನ್ನಿನವರು ಅಕ್ಷರದೊಡನೆ ಕಸುಬನ್ನೂ ತಂದು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಅಪೊಸ್ತಲರ ಕೃತ್ಯಗಳನ್ನು ಓದಿದವರಿಗೆ, ಕೊರಿಂಥದಲ್ಲಿ ಪೌಲನೊಡನೆ ಗುಡಾರದ ಕಸುಬಿನಲ್ಲಿದ್ದವರು ಅಕ್ವಿಲನೂ ಅವನ ಹೆಂಡತಿ ಪ್ರಿಸ್ಕಿಲ್ಲಳೂ ಎಂಬುದು ನೆನಪಿರಬಹುದು. ಕಳೆದ ಶತಮಾನದಲ್ಲಿ ಇಂಗ್ಲೆಂಡಿನ ಬಿಯಾಟ್ರಿಸ್ ಶಿಲ್ಲಿಂಗ್ ಎಂಬಾಕೆಯು ತನ್ನ 14ನೆಯ ವಯಸ್ಸಿನಲ್ಲಿ ಮೋಟಾರು ಸೈಕಲ್ಲನ್ನು ಕೊಂಡು, ಬಿಚ್ಚಿ ಜೋಡಿಸಿ ಕಲಿತು, ಎಂಜಿನಿಯರಳಾದಳು. ಯುದ್ಧವಿಮಾನಗಳು ಮೂತಿಯನ್ನು ತಗ್ಗಿಸಿದಾಗ ಪೆಟ್ರೋಲು ಹೆಚ್ಚಾಗಿ ನುಗ್ಗಿ ಎಂಜಿನ್ನು ನಿಲ್ಲುತ್ತಿದ್ದ ತೊಂದರೆಯನ್ನು 1941ರಲ್ಲಿ ಆಕೆಯು ನಡುವೆ ತೂತಿರುವ ಒಂದು ಪುಟ್ಟ ಲೋಹದ ತುಂಡಿನಿಂದ ನಿವಾರಿಸಿದಳು. ಅದು ನಾವು ಹೇಳುತ್ತಿರುವ ವಾಷರಿಗಿಂತ ಬಹಳ ದೊಡ್ಡದೇನೂ ಆಗಿರಲಿಲ್ಲ. ನಮ್ಮ ಹುಡುಗಿಯರೆಲ್ಲ ಆಕೆಯಂತಾಗಬೇಕೆಂದು ನಾವು ಹೇಳುವುದಿಲ್ಲ. ಕೈಗೆ ಕೊಡದಿದ್ದ ಸ್ಪ್ಯಾನರಿನಿಂದ ಯಾರು ಏನಾಗಬಹುದಿತ್ತೆಂದು ತಿಳಿಯಲು ದಾರಿಯಿಲ್ಲವೆಂದಷ್ಟೇ ಹೇಳುವೆವು.

ಆದುದರಿಂದ ಪೋಷಕರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ. ಮುಂದಿನ ಸಲ ಎಣ್ಣೆ ಬದಲಾಯಿಸುವಾಗ ಮಗನನ್ನು ಕೂಗುವಂತೆ ಮಗಳನ್ನೂ ಕೂಗಿರಿ. ದೀಪ ಹಿಡಿಯುವುದಕ್ಕಲ್ಲ, ಬೋಲ್ಟನ್ನು ಬಿಚ್ಚುವುದಕ್ಕೆ. ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರು ತಮ್ಮ ಮನೆಯ ವಾಹನದ ಕೆಳಗಿನ ರಟ್ಟನ್ನು ತೆಗೆದು, ಕಲೆಯು ಎಲ್ಲಿಂದ ಬಂದಿತೆಂದು ಒಂದು ಭಾನುವಾರ ನೋಡಲಿ. ಶಾಲೆಯ ಆಡಳಿತದವರು ಹೊಲಿಗೆಯ ಕೋಣೆಯ ಮಗ್ಗುಲಲ್ಲಿ ಒಂದು ಹಳೆಯ ಎಂಜಿನ್ನನ್ನೂ ಒಂದು ಪೆಟ್ಟಿಗೆ ಸ್ಪ್ಯಾನರುಗಳನ್ನೂ ಇಡುವಂತಾದರೆ, ಅದಕ್ಕೆ ತಗಲುವ ವೆಚ್ಚವನ್ನು ಹಳೆಯ ವಿದ್ಯಾರ್ಥಿನಿಯರು ಸಂತೋಷದಿಂದ ಹೊರುವರೆಂದು ನಂಬಿದ್ದೇವೆ. ಎಮ್ಮೆದೊಡ್ಡಿಯ ಯಾವುದೋ ಮನೆಯಲ್ಲಿ, ಗಂಡಸರು ಊರಲ್ಲಿಲ್ಲದ ರಾತ್ರಿ, ಕಾಯಿಲೆಯ ಕೂಸನ್ನು ಕಡೂರಿಗೆ ಒಯ್ಯಬೇಕಾದಾಗ, ತಾನೇ ನೋಡಿಕೊಂಡ ವಾಹನವನ್ನು ನಂಬಿಕೆಯಿಂದ ಹೊರಡಿಸಬಲ್ಲ ಒಬ್ಬ ತಾಯಿಯು ನಮ್ಮ ಶಾಲೆಯಿಂದ ಹೊರಬಂದರೆ, ಆ ವೆಚ್ಚವು ಸಾರ್ಥಕವಾದಂತೆಯೇ. ದೇವರು ಅಂಥ ತಾಯಂದಿರನ್ನು ಈ ಸೀಮೆಗೆ ಅನುಗ್ರಹಿಸಲಿ.