ಹಿಟ್ಟು ಹುದುಗಿದರೆ ಅಡುಗೆ, ಬಾರ್ಲಿ ಹುದುಗಿದರೆ ಅಪರಾಧ!

ಯಲಹಂಕದ ಮನೆಮನೆಯಲ್ಲೂ ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತದೆ. ಕಣ್ಣಿಗೆ ಕಾಣದ ಜೀವಿಗಳ ಈ ಕೆಲಸವನ್ನು ನಾವು ಪಾಕಕಲೆಯೆಂದು ಕೊಂಡಾಡುತ್ತೇವೆ. ಅದೇ ಅಡುಗೆಮನೆಯಲ್ಲಿ ಮೊಳಕೆ ಬರಿಸಿದ ಬಾರ್ಲಿಯ ಸಿಹಿನೀರಿಗೆ ಯೀಸ್ಟ್ ಬೆರೆಸಿ ಬಿಯರ್ ಮಾಡಿದರೆ ಅಪರಾಧ! ಕರ್ನಾಟಕ ಅಬಕಾರಿ ಕಾಯ್ದೆ, 1965 ಪರವಾನಗಿಯಿಲ್ಲದ ಮದ್ಯ ತಯಾರಿಕೆಯನ್ನು ನಿಷೇಧಿಸುತ್ತದೆ. ಮನೆಬಳಕೆಗೆಂದು ಹತ್ತು ಲೀಟರ್ ಬಿಯರ್ ಮಾಡುವವನೂ ಕಳ್ಳಭಟ್ಟಿಯವನೂ ಅದರ ಕಣ್ಣಿಗೆ ಒಂದೇ. ನಾನು ಕುಡಿಯುವವನಲ್ಲ, ಆದರೂ ಈ ಸಮೀಕರಣವನ್ನು ಒಪ್ಪಲಾರೆ.

ಬೆಲ್ಜಿಯಮ್ ದೇಶದ ರೈತಾಪಿ ಬಿಯರ್ ‘ಸೇಜಾನ್’ ಅನ್ನೇ ನೋಡಿ. ಫ್ರೆಂಚ್ ಭಾಷೆಯಲ್ಲಿ ಈ ಪದಕ್ಕೆ ಋತುವೆಂದು ಅರ್ಥ. ಲಾಗರ್ ಬಿಯರಿನ ಯೀಸ್ಟ್ ಸುಮಾರು 10 ಡಿಗ್ರಿಯ ತಂಪನ್ನು ಬೇಡಿದರೆ, ಸೇಜಾನಿನ ಯೀಸ್ಟ್ 30 ಡಿಗ್ರಿಯ ಸೆಕೆಯಲ್ಲಿಯೂ ಹುರುಪಾಗಿ ದುಡಿಯುತ್ತದೆ. ಹೆಬ್ಬಾಳದ ಏಪ್ರಿಲ್ ತಿಂಗಳೇ ಅದಕ್ಕೆ ಸಾಕು. ತಂಪು ಪೆಟ್ಟಿಗೆ ಬೇಡ.

ಯೀಸ್ಟುಗಳಲ್ಲಿಯೂ ಸ್ವಭಾವಭೇದವುಂಟು. ಬೆಲ್ಜಿಯಮ್ ಮೂಲದ ಒಂದು ತಳಿ ಮೆಣಸಿನ, ಹಣ್ಣಿನ ಪರಿಮಳ ಕೊಡುತ್ತದೆ. ಆದರೆ ಅರ್ಧದಾರಿಯಲ್ಲಿ ಮುಷ್ಕರ ಹೂಡುವುದರಲ್ಲಿ ಅದು ಕುಖ್ಯಾತ. ಫ್ರೆಂಚ್ ತಳಿ ಸಾಮಾನ್ಯವಾಗಿ ನಿಲ್ಲದೆ ದುಡಿದು ಸಿಹಿಯನ್ನೆಲ್ಲ ತಿಂದು ಮುಗಿಸುತ್ತದೆ. ಇಂಥ ಹಲವು ತಳಿಗಳು ಸಾಧಾರಣ ಯೀಸ್ಟಿಗೆ ಜೀರ್ಣವಾಗದ ಡೆಕ್ಸ್ಟ್ರಿನ್‌ಗಳನ್ನೂ ಒಡೆಯುವ ಕಿಣ್ವವನ್ನು ಸ್ರವಿಸುತ್ತವೆ. ಅವಸರದಲ್ಲಿ ಬಾಟಲಿ ತುಂಬಿದರೆ ಒಳಗೆ ಅನಿಲ ಹೆಚ್ಚಿ ಬಾಟಲಿಯೇ ಸಿಡಿಯಬಹುದು. ಆದ್ದರಿಂದ, ಹಾಲಿಗೆ ಲ್ಯಾಕ್ಟೋಮೀಟರ್ ಇದ್ದಂತೆ, ಇಲ್ಲಿ ಹೈಡ್ರೋಮೀಟರ್ ಹಿಡಿದು ಹಲವು ದಿನ ಸಾಂದ್ರತೆಯನ್ನು ಅಳೆದು ಬರೆದಿಡಬೇಕು.

ಎರಡು ತಳಿಗಳನ್ನು ಹೋಲಿಸಬೇಕೆ? ಒಂದೇ ಸಿಹಿನೀರನ್ನು ಎರಡು ಜಾಡಿಗಳಿಗೆ ಹಂಚಿ, ಕಹಿಗೂ ಕಂಪಿಗೂ ಹಾಕುವ ಹಾಪ್ಸ್ ಹೂವನ್ನೂ ಶಾಖವನ್ನೂ ಸಮವಾಗಿಟ್ಟು, ಯೀಸ್ಟನ್ನು ಮಾತ್ರ ಬದಲಿಸಬೇಕು. ಹಾಪ್ಸ್ ಅತಿಯಾದರೆ ಯೀಸ್ಟಿನ ಕಂಪು ಅದರಲ್ಲಿ ಮುಚ್ಚಿಹೋಗುತ್ತದೆ. ವಿಜ್ಞಾನದ ಮೊದಲ ಪಾಠವೆಂದರೆ ಇದೇ ಅಲ್ಲವೇ? ಇದನ್ನು ಸ್ವಂತ ಕೈಯಿಂದ ಕಲಿಯುವ ವಯಸ್ಕನನ್ನು ನಾವು ಆರೋಪಿಯಾಗಿಸುತ್ತೇವೆ.

‘ಕಳ್ಳಭಟ್ಟಿ ದುರಂತಗಳನ್ನು ಮರೆತಿರಾ?’ ಎಂದು ಕೇಳುವವರುಂಟು. ಮರೆತಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಬಡವರು ಸತ್ತರು. ಅವರನ್ನು ಕೊಂದದ್ದು ಲಾಭಕ್ಕಾಗಿ ಬೆರೆಸಿದ ಮೀಥೈಲ್ ಆಲ್ಕೋಹಾಲ್, ಹುದುಗಿದ ಧಾನ್ಯವಲ್ಲ. ಭಟ್ಟಿ ಇಳಿಸದ ಬಿಯರನ್ನು ಅದರೊಡನೆ ತೂಗುವುದು ಅಜ್ಞಾನ. ಕುಡಿತದಿಂದ ಹಾಳಾದ ಸಂಸಾರಗಳ ನೋವೂ ನಿಜ. ಆದರೆ ಆ ನೋವಿನ ಹೆಸರಿನಲ್ಲಿ ಸರ್ಕಾರ ಮಾತನಾಡುವುದು ಹೇಗೆ? 2003ರಲ್ಲಿ ಪಾನೀಯ ನಿಗಮವನ್ನು ಸ್ಥಾಪಿಸಿ ಸಗಟು ಮಾರಾಟವನ್ನು ತನ್ನ ಕೈಗೇ ತೆಗೆದುಕೊಂಡಿತಲ್ಲ! ಬಾರಿನಲ್ಲಿ ಕೊಂಡು ಕುಡಿದರೆ ಆದಾಯ, ಮನೆಯಲ್ಲಿ ಮಾಡಿದರೆ ಅಪಾಯವೇ?

ಬ್ರಿಟನ್ 1963ರಲ್ಲಿಯೇ ಮನೆಬಳಕೆಯ ಬಿಯರಿಗೆ ಪರವಾನಗಿ ಬೇಡವೆಂದಿತು. ಅಮೆರಿಕದ 1978ರ ಕಾನೂನು ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್, ತೆರಿಗೆಯಿಲ್ಲದೆ ಮಾಡಿಕೊಳ್ಳಲು ಬಿಟ್ಟಿತು. ನಮಗೆ ಅಷ್ಟೂ ಬೇಡ. ವಯಸ್ಕರಿಗೆ ಮಾತ್ರ, ಅಳತೆಗೆ ಮಿತಿ, ಮಾರಾಟ ನಿಷಿದ್ಧ, ಭಟ್ಟಿ ಇಳಿಸುವುದು ನಿಷಿದ್ಧ; ಈ ನಾಲ್ಕು ಷರತ್ತು ಸಾಕು. ಶುಚಿತ್ವವನ್ನೂ ಅಳತೆಯನ್ನೂ ಕಲಿಸಲು ಹೆಬ್ಬಾಳ-ಯಲಹಂಕಗಳ ನಡುವೆಯೇ ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣವಿದೆ. ಕೊಳ್ಳುವ ಪ್ರಜೆಯನ್ನು ನಂಬುವ ಸರ್ಕಾರ, ಕಲಿಯುವ ಪ್ರಜೆಯನ್ನೂ ಒಂದಿಷ್ಟು ನಂಬಲಿ.