ಬೇಸ್ ಸತ್ತಿದೆಯಾ? ಹೊಸ ಸಬ್‌ವೂಫರ್‌ಗೆ ಮೊದಲು ಇಷ್ಟು ನೋಡಿ

ಊರಿಗೆ ಹೋಗುವಾಗ ಕಾರಲ್ಲಿ ಯಕ್ಷಗಾನ ಹಾಕಿದ್ರೆ ಚೆಂಡೆ ಸ್ಪಷ್ಟ ಕೇಳುತ್ತೆ, ಸಿನಿಮಾ ಹಾಡಿಗೆ ಮಾತ್ರ ಬೇಸ್ ಇಲ್ಲ. ಚೆಂಡೆಯ ಏರುದನಿ ಬಾಗಿಲ ಸ್ಪೀಕರ್‌ನದ್ದು. ಸಬ್‌ವೂಫರ್‌ನ ಕೆಲಸ ಸಾಮಾನ್ಯವಾಗಿ 80 ಹರ್ಟ್ಸ್‌ಗಿಂತ ಕೆಳಗಿನದ್ದು. ಹಾಗಂತ ಕೂಡ್ಲೇ ಹೊಸದು ಹುಡುಕಬೇಡಿ. ಕೋಡ್ ಡೀಬಗ್ ಮಾಡೋ ಹಾಗೆ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡಿ.

ಮೊದಲು ಫೇಸ್. ಆಂಪ್ಲಿಫೈಯರ್‌ನಲ್ಲಿ 0/180 ಸ್ವಿಚ್ ಇದ್ರೆ ತಿರುಗಿಸಿ. ಇಲ್ಲದಿದ್ರೆ ಸಿಸ್ಟಮ್ ಆಫ್ ಮಾಡಿ, ಸಬ್‌ವೂಫರ್‌ನ ಪ್ಲಸ್, ಮೈನಸ್ ವಯರ್ ಅದಲುಬದಲು ಮಾಡಿ. ಬೇಸ್ ಜಾಸ್ತಿಯಾಯ್ತಾ? ಅಂದ್ರೆ ಇಷ್ಟು ದಿನ ಅದು ಹೊರಗೆ ತಳ್ಳುವಾಗ ಬಾಗಿಲ ಸ್ಪೀಕರ್ ಒಳಗೆ ಎಳೀತಿತ್ತು, ಒಂದರ ಸದ್ದನ್ನು ಇನ್ನೊಂದು ನುಂಗ್ತಿತ್ತು. ಕಡಿಮೆಯಾದ್ರೆ ಮೊದಲಿನ ಹಾಗೇ ಜೋಡಿಸಿ.

ಎರಡನೇದು ಅರ್ತ್ ವಯರ್. ನಾರಾವಿಯಂಥ ಮಳೆಯೂರಲ್ಲಿ ಡಿಕ್ಕಿಯೊಳಗಿನ ಬೋಲ್ಟ್ ತುಕ್ಕು ಹಿಡಿಯೋದು ಸಹಜ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ತುಕ್ಕು, ಪೇಂಟ್ ಎರಡನ್ನೂ ಕೆರೆದು, ವಯರನ್ನು ಬರೀ ಲೋಹಕ್ಕೆ ಬಿಗಿಯಾಗಿ ಕೂರಿಸಿ.

ಮೂರನೇದು ಗೇನ್. ಇದು ವಾಲ್ಯೂಮ್ ಅಲ್ಲ, ಸ್ಟೀರಿಯೋದ ಸಿಗ್ನಲ್‌ಗೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು. ವಿಪರೀತ ಏರಿಸಿದ್ರೆ ಸದ್ದು ಒಡೆಯುತ್ತೆ, ವಾಯ್ಸ್ ಕಾಯಿಲ್ ಬಿಸಿಯಾಗಿ ಸುಟ್ಟೂ ಹೋಗಬಹುದು. ಒಡಕು ನಿಲ್ಲುವ ತನಕ ಇಳಿಸಿ.

ಕೊನೆಗೆ ಬಾಕ್ಸ್. ಪೂರ್ತಿ ಮುಚ್ಚಿದ ಬಾಕ್ಸ್ ಆದ್ರೆ, ಹಾಡು ಓಡ್ತಿರುವಾಗ ಅಂಚಿಗೆ ಕೈ ಹಿಡಿಯಿರಿ. ಗಾಳಿ ತಾಗಿದ್ರೆ ಒಂದಿಷ್ಟು ಸಿಲಿಕಾನ್ ಸೀಲಂಟ್ ಸಾಕು.

ಆಫ್ ಮಾಡಿ, ಕೋನನ್ನು ಎರಡೂ ಕೈಯಿಂದ ಮೆಲ್ಲಗೆ ಒತ್ತಿ ನೋಡಿ. ಕೆರೆಯುವ ಸದ್ದು, ಸುಟ್ಟ ವಾಸನೆ ಬಂದ್ರೆ ಮಾತ್ರ ಹೊಸದಕ್ಕೆ ದುಡ್ಡು ಬಿಚ್ಚಿ.