ತಾರಷಡ್ಜಕ್ಕೆ ಜಾಗ ಬಿಡಿ

ಮನೆಯಲ್ಲೇ ಹಾಡನ್ನು ಧ್ವನಿಮುದ್ರಿಸಿ ಸ್ಪರ್ಧೆಗೋ ಸಂಗೀತದ ಮೇಷ್ಟರಿಗೋ ಕಳುಹಿಸುವುದು ಈಗ ವಿದ್ಯಾರ್ಥಿಗಳಿಗೆ ಹೊಸತೇನಲ್ಲ. ಒಂದು ಮೈಕು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ, ಒಂದು ಹೆಡ್‌ಫೋನ್ ಇದ್ದರಾಯಿತು. ಆದರೆ ಸೊಗಸಾಗಿ ಹಾಡಿದ ಹಾಡೂ ಎಷ್ಟೋ ಸಲ ಮುದ್ರಣದಲ್ಲಿ ಮೇಲಿನ ಸ್ಥಾಯಿಗೆ ಹೋದೊಡನೆ ಕರಕರ ಎನ್ನುತ್ತದೆ. ದೋಷ ಕಂಠದ್ದಲ್ಲ, ಪೆಟ್ಟಿಗೆಯ ಮೇಲಿನ ‘ಗೇನ್’ ಎಂಬ ಗುಂಡಿಯದು.

ಮೈಕು ಹುಟ್ಟಿಸುವ ವಿದ್ಯುತ್ತು ತೀರಾ ಅಲ್ಪ. 1966ರಿಂದ ವೇದಿಕೆಗಳಲ್ಲಿ ಬಳಕೆಯಲ್ಲಿರುವ ಶೂರ್ ಎಸ್‌ಎಂ58 ಮೈಕನ್ನೇ ನೋಡಿ. 94 ಡೆಸಿಬಲ್‌ನಷ್ಟು ಜೋರು ಸದ್ದು ತಾಗಿದಾಗಲೂ ಅದು ಕೊಡುವುದು ಸುಮಾರು 1.85 ಮಿಲಿವೋಲ್ಟ್. ಅಂದರೆ ಟಾರ್ಚಿನ ಸೆಲ್ ಕೊಡುವುದರ 800ರಲ್ಲಿ ಒಂದು ಪಾಲು! ಇದನ್ನು ಹಿಗ್ಗಿಸುವುದು ಪೆಟ್ಟಿಗೆಯೊಳಗಿನ ಪ್ರೀಆಂಪ್. ಎಷ್ಟು ಹಿಗ್ಗಿಸಬೇಕೆಂದು ತಿಳಿಸುವುದು ಗೇನ್. 20 ಡೆಸಿಬಲ್ ಗೇನ್ ಎಂದರೆ ವೋಲ್ಟೇಜು 10 ಪಟ್ಟು. 40 ಎಂದರೆ 100 ಪಟ್ಟು. 60 ಎಂದರೆ 1,000 ಪಟ್ಟು. ಹಾಗಾಗಿ ಗುಂಡಿಯನ್ನು ಕೊಂಚವೇ ತಿರುಗಿಸಿದರೂ ವ್ಯತ್ಯಾಸ ದೊಡ್ಡದು.

ಹಿಗ್ಗಿದ ಅಲೆಯನ್ನು ಪೆಟ್ಟಿಗೆ ಅಂಕಿಗಳಾಗಿ ಬದಲಿಸುತ್ತದೆ. ಅಂಕಿಗಳಿಗೆ ಮಿತಿಯಿದೆ. 16 ಬಿಟ್ ಮುದ್ರಣದಲ್ಲಿ ಇರುವುದು ಒಟ್ಟು 65,536 ಮೆಟ್ಟಿಲು. ಮಾಪಕದಲ್ಲಿ ಸೊನ್ನೆ ಎಂದು ತೋರಿಸುವುದೇ ಕೊನೆಯ ಮೆಟ್ಟಿಲು. ಅಲೆ ಅದನ್ನೂ ಮೀರಿದರೆ ಬರೆಯಲು ಅಂಕಿಯೇ ಇಲ್ಲ. ಅಲೆಯ ನೆತ್ತಿ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ. ಇದೇ ಕ್ಲಿಪಿಂಗ್. ಆಮೇಲೆ ಕಂಪ್ಯೂಟರಿನಲ್ಲಿ ಧ್ವನಿ ತಗ್ಗಿಸಿದರೆ ಕತ್ತರಿಸಿದ ಅಲೆ ಚಿಕ್ಕದಾಗುತ್ತದೆ, ದುಂಡಗಾಗುವುದಿಲ್ಲ. ರಿಪೇರಿ ಮಾಡುವ ತಂತ್ರಾಂಶಗಳೂ ಕಳೆದದ್ದನ್ನು ಊಹಿಸಿ ತುಂಬುತ್ತವೆಯೇ ಹೊರತು ಮರಳಿ ತರಲಾರವು.

ಹಾಗಿದ್ದೂ ಗೇನನ್ನು ಅಷ್ಟು ಏರಿಸುವುದೇಕೆ? ಇದು ಕ್ಯಾಸೆಟ್ ಕಾಲದ ರೂಢಿ. ಟೇಪಿಗೆ ತನ್ನದೇ ಆದ ‘ಹಿಸ್’ ಸದ್ದಿತ್ತು. ಅದನ್ನು ಮುಚ್ಚಲು ಮುಳ್ಳನ್ನು ಕೆಂಪು ಗೆರೆಯ ಹತ್ತಿರಕ್ಕೆ ಒಯ್ಯಬೇಕಿತ್ತು. ಮಿತಿ ಸ್ವಲ್ಪ ಮೀರಿದರೂ ಟೇಪು ನಿಧಾನವಾಗಿ ಕೆಡುತ್ತಿತ್ತು. ಅಂಕಿಗಳ ಲೋಕದಲ್ಲಿ ಆ ರಿಯಾಯಿತಿಯೂ ಇಲ್ಲ, ಆ ಅಗತ್ಯವೂ ಇಲ್ಲ. ಒಂದೊಂದು ಬಿಟ್‌ಗೆ ಸುಮಾರು 6 ಡೆಸಿಬಲ್ ಲೆಕ್ಕದಲ್ಲಿ 24 ಬಿಟ್ ಎಂದರೆ ಸಿದ್ಧಾಂತದ ಮಟ್ಟಿಗೆ 144 ಡೆಸಿಬಲ್ ಹರವು. ಅದರಲ್ಲಿ ಮೇಲಿನ 12 ಡೆಸಿಬಲ್ ಖಾಲಿ ಬಿಟ್ಟರೆ ನಷ್ಟವೇನೂ ಆಗದು.

ಬಹುತೇಕ ಮಕ್ಕಳು ಮೆಲುದನಿಯಲ್ಲಿ ಒಂದು ಸಾಲು ಗುನುಗಿ ಗೇನ್ ಹೊಂದಿಸಿಬಿಡುತ್ತಾರೆ. ಆಲಾಪನೆ ಚೆನ್ನಾಗಿ ಬರುತ್ತದೆ. ತಾರಷಡ್ಜ ಹಿಡಿದಾಗ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಮಾಡಬೇಕಾದದ್ದು ಇದಕ್ಕೆ ವಿರುದ್ಧ. ಹಾಡಿನ ಅತಿ ಜೋರಾದ ಭಾಗವನ್ನು ಪೂರ್ಣ ಕಂಠದಿಂದ ಮೊದಲು ಹಾಡಿ. ಆಗ ಮಾಪಕದ ಗರಿಷ್ಠ ಮಟ್ಟ ಮೈನಸ್ 12ರ ಆಸುಪಾಸು ಇರಲಿ, ಮೈನಸ್ 6 ದಾಟದಿರಲಿ. ಆಮೇಲೆ ಗುಂಡಿ ಮುಟ್ಟಬೇಡಿ. ಮಾಪಕ ನೋಡುವ ಕೆಲಸ ಅಪ್ಪನದೋ ಅಮ್ಮನದೋ ಆಗಲಿ. ಹಾಡುವವರ ಗಮನ ಹಾಡಿನಲ್ಲಿರಬೇಕು.

ಇನ್ನೊಂದು ಮಾತು. ಗೇನ್ ಏರಿಸಿದರೆ ಹಾಡಿನ ಜೊತೆಗೆ ಫ್ಯಾನಿನ ಸದ್ದೂ ಅಷ್ಟೇ ಏರುತ್ತದೆ. ದನಿ ಸಣ್ಣದೆನಿಸಿದರೆ ಮೊದಲು ಮೈಕಿನ ಹತ್ತಿರ ಸರಿಯಿರಿ. ದೂರ ಅರ್ಧವಾದರೆ ದನಿ ಸುಮಾರು 6 ಡೆಸಿಬಲ್ ಏರುತ್ತದೆ, ಫ್ಯಾನಿನ ಸದ್ದು ಇದ್ದಲ್ಲೇ ಇರುತ್ತದೆ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರ ಆರಂಭಕ್ಕೆ ಸರಿ. ಫ್ಯಾನ್ ಆರಿಸಿದರೆ ಇನ್ನೂ ಒಳ್ಳೆಯದು.

ಸ್ಪರ್ಧೆಯ ಹಾಡನ್ನಾದರೆ ನಾಳೆ ಮತ್ತೆ ಹಾಡಬಹುದು. ಊರಿಗೆ ಹೋದಾಗ ಅಜ್ಜಿಯ ಬಾಯಿಂದ ಸೋಬಾನೆ ಪದ ಮುದ್ರಿಸಿಕೊಳ್ಳುವವರಿಗೆ ಇನ್ನೊಂದು ಅವಕಾಶ ಸಿಕ್ಕೀತೆಂಬ ಭರವಸೆಯಿಲ್ಲ. ತುಸು ತಗ್ಗಿದ ಮುದ್ರಣವನ್ನು ಆಮೇಲೆ ಏರಿಸಿಕೊಳ್ಳಬಹುದು. ಕತ್ತರಿಸಿಹೋದ ದನಿಯನ್ನು ಮರಳಿ ಹೊಲಿಯಲಾಗದು. ಅನುಮಾನ ಬಂದಾಗ ಗುಂಡಿಯನ್ನು ಸ್ವಲ್ಪ ಹಿಂದಕ್ಕೇ ತಿರುಗಿಸಿ.